ತೋಟಕ್ಕಿಳಿಯುವವರ ಕಿಸೆಗೆ ಯಾವ ಮಡಚುಕತ್ತಿ: ಒಪಿನೆಲ್ 8 ಅಥವಾ ವಿಕ್ಟೊರಿನಾಕ್ಸ್ ಫಾರ್ಮರ್?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಅಡಿಕೆ ತೋಟದ ಮನೆಗಳಲ್ಲಿ ಕತ್ತಿಗಳಿಗೆ ಬರವಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕತ್ತಿ, ಅಡುಗೆಮನೆಯ ಮೆಟ್ಟುಕತ್ತಿ, ಜಗಲಿಯಲ್ಲಿ ಎಲೆಯಡಿಕೆ ತಟ್ಟೆಯ ಪಕ್ಕದ ಪೀಶಕತ್ತಿ, ಎಲ್ಲವೂ ಇರುತ್ತವೆ. ಆದರೆ ಬೆಳಿಗ್ಗೆ ನೀರು ಬಿಡಲು ತೋಟಕ್ಕೆ ಇಳಿದವನಿಗೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲೋ, ಬಾಳೆಬಳ್ಳಿ ತುಂಡರಿಸಲೋ, ಕರಿಮೆಣಸಿನ ಬಳ್ಳಿಯ ತುದಿ ಕತ್ತರಿಸಲೋ ಬೇಕಾಗುವುದು ಕಿಸೆಯಲ್ಲಿ ಸದಾ ಇರುವ ಒಂದು ಮಡಚುಕತ್ತಿ. ಅಂಥದ್ದನ್ನು ಹುಡುಕುತ್ತ ನಾನು ಎರಡನ್ನು ಕೊಂಡೆ. ಎರಡನ್ನೂ ಮಳೆಗಾಲ, ಬೇಸಿಗೆ ಎರಡರಲ್ಲೂ ದುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಫ್ರಾನ್ಸಿನ ಒಪಿನೆಲ್, 8ನೇ ನಂಬರು. ಸವೊಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಈ ರೈತರ ಕತ್ತಿಯ ಆಕಾರ ಇಂದಿಗೂ ಹೆಚ್ಚು ಬದಲಾಗಿಲ್ಲ. ಬೀಚ್ ಮರದ ಗುಂಡನೆಯ ಹಿಡಿ, 8.5 ಸೆಂ.ಮೀ. ಉದ್ದದ ತೆಳ್ಳಗಿನ ಅಲಗು, ಬುಡದಲ್ಲಿ ತಿರುಗಿಸಿದರೆ ಅಲಗನ್ನು ಭದ್ರಪಡಿಸುವ ಒಂದು ಉಕ್ಕಿನ ಬಳೆ. ಈ ಬಳೆಯನ್ನು ಸೇರಿಸಿದ್ದು 1955ರಲ್ಲಿ. ತೂಕ 50 ಗ್ರಾಂ ಕೂಡ ಇಲ್ಲದ್ದರಿಂದ ಅಂಗಿಯ ಕಿಸೆ ಜೋಲುವುದಿಲ್ಲ. ಕೊಯ್ಯುವ ಗುಣದಲ್ಲಿ ಇದಕ್ಕೆ ಸಾಟಿಯಾದ ಮಡಚುಕತ್ತಿಯನ್ನು ನಾನು ಕಂಡಿಲ್ಲ. ಅಲಗು ತೆಳ್ಳಗಿರುವುದರಿಂದ ಮಾವಿನ ಹಣ್ಣಿನ ಹೋಳು ನಜ್ಜಾಗದೆ ಬರುತ್ತದೆ, ಬಾಳೆಲೆಯ ದಂಟು ಒಂದೇ ಎಳೆತಕ್ಕೆ ತುಂಡಾಗುತ್ತದೆ.

ಈ ಕತ್ತಿ ಕಾರ್ಬನ್ ಉಕ್ಕಿನ ಅಲಗಿನಲ್ಲೂ ಸಿಗುತ್ತದೆ, ಸ್ಟೇನ್‌ಲೆಸ್ ಅಲಗಿನಲ್ಲೂ ಸಿಗುತ್ತದೆ. ನಾನು ಆರಿಸಿಕೊಂಡದ್ದು ಕಾರ್ಬನ್. ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಹರಿತವಾಗುತ್ತದೆ. ಆದರೆ ಹಸಿ ಅಡಿಕೆಯನ್ನು ಹೋಳು ಮಾಡಿದ ಮೊದಲ ದಿನವೇ ಬೆಳ್ಳಗೆ ಹೊಳೆಯುತ್ತಿದ್ದ ಅಲಗು ನೀಲಿ ಮಿಶ್ರಿತ ಕಪ್ಪಾಯಿತು. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಹೀಗಾಗುತ್ತದೆ; ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ತಯಾರಿಸುತ್ತಿದ್ದದ್ದೂ ಇದೇ ಗುಣದಿಂದ. ಕಪ್ಪು ಬಣ್ಣದಿಂದ ಅಲಗಿಗೆ ಹಾನಿಯಿಲ್ಲ. ಹಾನಿ ಮಾಡುವುದು ಕೆಂಪು ತುಕ್ಕು. ಒದ್ದೆಯಾಗಿಯೇ ಮಡಚಿ ಕಿಸೆಗೆ ಹಾಕಿದರೆ ಮರುದಿನ ಅದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿಸಲವೂ ಒರೆಸಿ, ರಾತ್ರಿ ಒಂದು ಹನಿ ತೆಂಗಿನೆಣ್ಣೆ ಸವರುವ ಶಿಸ್ತು ಇಲ್ಲದವರು ಸ್ಟೇನ್‌ಲೆಸ್ ಅಲಗನ್ನೇ ಕೊಳ್ಳಬೇಕು.

ಕಾರ್ಬನ್ ಅಲಗಿನಿಂದ ಒಂದು ಪ್ರಯೋಜನವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೆರೆಸಿದ ಮೇಲೆ, ಸುಣ್ಣ ಸಾಲದೆ ಹೋಗಿದೆಯೇ ಎಂದು ತಿಳಿಯಲು ಉಜ್ಜಿ ಹೊಳಪಾಗಿಸಿದ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಸ್ಟೇನ್‌ಲೆಸ್ ಅಲಗಿನಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ. ನೋಡಿದ ಕೂಡಲೇ ತೊಳೆದು ಒರೆಸಬೇಕು ಎಂಬುದನ್ನು ಮರೆಯಬಾರದು.

ಇನ್ನು ಮರದ ಹಿಡಿಯ ವಿಷಯ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಬಾಗಿಲಿನ ಚೌಕಟ್ಟೇ ಉಬ್ಬಿ ಬಿಗಿಯುವಾಗ ಬೀಚ್ ಮರ ಉಬ್ಬದೆ ಇರುತ್ತದೆಯೇ? ಆಟಿಯ ಮಳೆಯಲ್ಲಿ ಹಿಡಿ ನೀರು ಕುಡಿದು ಅಲಗನ್ನು ಕಚ್ಚಿ ಹಿಡಿಯುತ್ತದೆ, ಒದ್ದೆ ಉಗುರಿಗೆ ಅದು ಬರುವುದಿಲ್ಲ. ಇದಕ್ಕೆ ಸವೊಯ್ ಜನರೇ ಕಂಡುಕೊಂಡ ಉಪಾಯವಿದೆ: ಬಳೆಯನ್ನು ಸಡಿಲಿಸಿ, ಹಿಡಿಯ ಹಿಂತುದಿಯನ್ನು ಕಲ್ಲಿಗೋ ಮರಕ್ಕೋ ಒಮ್ಮೆ ಕುಟ್ಟಿದರೆ ಅಲಗಿನ ತುದಿ ತಾನಾಗಿ ಮೇಲೇಳುತ್ತದೆ. ಮನೆಯ ಜಗಲಿಯಲ್ಲಿ ಕೂತು ಮಾಡಲು ಇದು ಸುಲಭ. ಒಂದು ಕೈಯಲ್ಲಿ ಬಳ್ಳಿಯನ್ನು ಅಡಿಕೆ ಮರಕ್ಕೆ ಒತ್ತಿ ಹಿಡಿದು, ತಲೆ, ಬೆನ್ನು ಮುಚ್ಚುವ ಗೊರಬೆಯ ಮೇಲೆ ಮಳೆ ಬಡಿಯುತ್ತಿರುವಾಗ ಸುಲಭವಲ್ಲ.

ಎರಡನೆಯದು ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಕಂಪೆನಿಯ ಫಾರ್ಮರ್. ಇಬಾಖ್ ಎಂಬಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಾರ್ಯಾಗಾರದಿಂದ ಬೆಳೆದ ಕಂಪೆನಿ ಅದು. 1891ರಿಂದ ಅಲ್ಲಿನ ಸೈನಿಕರಿಗೆ ಕತ್ತಿ ಒದಗಿಸಿದೆ. ಮಡಚಿದರೆ ಇದು 93 ಮಿ.ಮೀ. ಉದ್ದ. ಹಿಡಿಯ ಎರಡು ಕಡೆಯೂ ಉಬ್ಬುತಗ್ಗು ವಿನ್ಯಾಸದ ಅಲ್ಯೂಮಿನಿಯಂ, ಅದಕ್ಕೆ ನೀರೂ ಇಲ್ಲ, ಬೂಷ್ಟೂ ಇಲ್ಲ. ಒಳಗೆ ಸ್ಟೇನ್‌ಲೆಸ್ ಅಲಗು, ಗರಗಸ, ಚುಚ್ಚುವ ದಬ್ಬಣ, ಡಬ್ಬಿ ತೆರೆಯುವ ಸಾಧನ, ಬಾಟಲಿ ಓಪನರ್. ಕೊನೆಯ ಎರಡರ ತುದಿಗಳು ಸ್ಕ್ರೂಡ್ರೈವರ್‌ಗಳೂ ಹೌದು. ಒಪಿನೆಲ್‌ಗಿಂತ ತೂಕ ಹೆಚ್ಚು, ನಾನು ಕೊಂಡಾಗ ಬೆಲೆಯೂ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಇಷ್ಟೆಲ್ಲ ಸಾಧನ ತೋಟದಲ್ಲಿ ಬೇಕೇ ಎಂಬ ಅನುಮಾನ ನನಗೂ ಇತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅದು ಹೋಯಿತು. ಸ್ಪ್ರಿಂಕ್ಲರಿನ ಒಂದು ಜೆಟ್ಟು ತಿರುಗದೆ ನಿಂತಿತ್ತು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ತೂತಿನಲ್ಲಿ ಕೆರೆಯ ಸಣ್ಣ ಹರಳೊಂದು ಸಿಕ್ಕಿಕೊಂಡಿದೆ. ದಬ್ಬಣದ ಮೊನೆಯನ್ನು ಓರೆಯಾಗಿ ಇಟ್ಟು, ತೂತಿನ ಅಂಚಿಗೆ ಗೀರು ಬೀಳದ ಹಾಗೆ ಮೆಲ್ಲನೆ ಎಬ್ಬಿಸಿದೆ. ಹರಳು ಅಂಗೈಗೆ ಬಿತ್ತು. ಅದೇ ವಾರ ಪಂಪ್‌ಶೆಡ್ಡಿನ ಸ್ಟಾರ್ಟರಿನ ಮುಚ್ಚಳವನ್ನು, ಮೈನ್ ಸ್ವಿಚ್ ಇಳಿಸಿದ ಮೇಲೆ, ಇದರ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿದೆ. ಗರಗಸವಂತೂ ಗಾತ್ರ ಮೀರಿದ ಕೆಲಸ ಮಾಡುತ್ತದೆ. ಹೆಬ್ಬೆರಳಿಗಿಂತ ದಪ್ಪದ ಗೊಬ್ಬರಗಿಡದ ರೆಂಬೆಯನ್ನು ಸಿಪ್ಪೆ ಹರಿಯದಂತೆ ನುಣ್ಣಗೆ ಕೊಯ್ಯುತ್ತದೆ.

ಕೊರತೆಯೆಂದರೆ ಅಲಗನ್ನು ತೆರೆದ ಸ್ಥಿತಿಯಲ್ಲಿ ಭದ್ರಪಡಿಸುವ ಬೀಗವಿಲ್ಲದಿರುವುದು. ಅದನ್ನು ನಿಲ್ಲಿಸುವುದು ಬೆನ್ನಿನ ಸ್ಪ್ರಿಂಗು ಮಾತ್ರ. ನಾನು ಅಲಗಿನ ತುದಿಯಿಂದ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಕೊರೆಯಲು ಹೋಗಿ ತೋರುಬೆರಳಿನ ಗಂಟಿನ ಮೇಲೆ ಗಾಯ ಮಾಡಿಕೊಂಡೆ. ತಪ್ಪು ಪೂರ್ತಿಯಾಗಿ ನನ್ನದು, ಪಕ್ಕದಲ್ಲಿ ದಬ್ಬಣವಿದ್ದರೂ ಅಲಗನ್ನು ತೆರೆದದ್ದು ನಾನು. ಆದರೂ ಮಕ್ಕಳ ಕೈಗೆ ಮೊದಲ ಕತ್ತಿ ಕೊಡುವುದಿದ್ದರೆ ಬಳೆಯಿರುವ ಒಪಿನೆಲನ್ನೇ ಕೊಡುತ್ತೇನೆ. ಫಾರ್ಮರ್‌ನ ಉಕ್ಕೂ ಸ್ವಲ್ಪ ಮೆದು, ಆದ್ದರಿಂದ ಹರಿತ ಬೇಗ ಇಳಿಯುತ್ತದೆ. ವಾರಕ್ಕೊಮ್ಮೆ ಸಾಣೆಕಲ್ಲು ಕಾಣಿಸಿದರೆ ತೊಂದರೆಯಿಲ್ಲ.

ಎರಡೂ ಸಣ್ಣ ಕೆಲಸದ ಕತ್ತಿಗಳು. ಆಯುಧ ಕಾನೂನಿನ ನಿಯಮಗಳು ಹೆಸರಿಸುವ ಒಂಬತ್ತು ಇಂಚಿನ ಅಲಗಿಗೆ ಇವು ಹತ್ತಿರವೂ ಬರುವುದಿಲ್ಲ. ಆದರೆ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವವರು ಕಿಸೆ ತಡವಿ ನೋಡಿಕೊಂಡೇ ಹೊರಡಬೇಕು. ಕತ್ತಿಯ ಜಾಗ ಒಪ್ಪಿಸುವ ಪೆಟ್ಟಿಗೆಯಲ್ಲಿ, ಕೈಚೀಲದಲ್ಲಲ್ಲ.

ಒಂದನ್ನೇ ಕೊಳ್ಳುವುದಾದರೆ ಯಾವುದು ಎಂದು ಕೇಳುವ ತೋಟದವರಿಗೆ ನಾನು ಫಾರ್ಮರ್ ಎನ್ನುತ್ತೇನೆ. ಹರಿತದಲ್ಲಿ ಅದು ಸೋತರೂ ಮಳೆಯಲ್ಲಿ ಅದು ತೆರೆದುಕೊಳ್ಳುತ್ತದೆ, ನಮ್ಮ ಊರಿನಲ್ಲಿ ವರ್ಷದ ಐದು ತಿಂಗಳು ಅದೇ ಮುಖ್ಯ. ಪೇಟೆಯಲ್ಲಿ, ಆಫೀಸಿನಲ್ಲಿ ಕೆಲಸ ಮಾಡುವವರು, ಹಣ್ಣು ಕೊಯ್ಯಲು, ಪಾರ್ಸೆಲ್ ಬಿಚ್ಚಲು ಕತ್ತಿ ಬೇಕಾದವರು ಸ್ಟೇನ್‌ಲೆಸ್ ಒಪಿನೆಲ್ ಕೊಂಡರೆ ಅರ್ಧ ಬೆಲೆಯಲ್ಲಿ ಹೆಚ್ಚು ಚೆನ್ನಾಗಿ ಕೊಯ್ಯುವ ಕತ್ತಿ ಸಿಗುತ್ತದೆ. ನನ್ನ ಕಾರ್ಬನ್ ಒಪಿನೆಲ್ ಈಗ ಜಗಲಿಯ ಎಲೆಯಡಿಕೆ ತಟ್ಟೆಯಲ್ಲಿದೆ, ಬೋರ್ಡೋ ಬೆರೆಸುವ ದಿನ ಮಾತ್ರ ಅಂಗಳಕ್ಕೆ ಇಳಿಯುತ್ತದೆ.