ಸಂತೆ ಗಟ್ಟಿ, ಕೋಟೆ ಟೊಳ್ಳು: ಬೀಟಾ ಆಟವೊಂದರಲ್ಲಿ ಮೂರು ವಾರ

ದಾವಣಗೆರೆಯ ದಲಾಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಹಗಲು ಮೆಕ್ಕೆಜೋಳದ ಆವಕ, ತೂಕದ ಚೀಟಿ, ಹಮಾಲಿ ಲೆಕ್ಕ ಇವುಗಳಲ್ಲೇ ಮುಗಿದುಹೋಗುತ್ತದೆ. ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಕಂಪ್ಯೂಟರ್ ಆಟಕ್ಕೆ ಕೂರುವುದು ಕಾಲೇಜಿನ ದಿನಗಳಿಂದ ಉಳಿದುಬಂದ ಚಟ. ಹೊಸ ಫ್ಯಾಂಟಸಿ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟವೊಂದರ ಬೀಟಾ ಪರೀಕ್ಷೆಗೆ, ಅಂದರೆ ಬಿಡುಗಡೆಗೆ ಮುಂಚಿನ ಪ್ರಯೋಗಕ್ಕೆ, ಹೆಸರು ಕೊಟ್ಟಿದ್ದೆ. ಇಲ್ಲೇ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೂ ನನಗೂ ಒಂದೇ ದಿನ ಕರೆ ಬಂತು. ಮೂರು ವಾರಗಳಲ್ಲಿ ಸುಮಾರು 50 ಗಂಟೆ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆಟದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬಿಡುಗಡೆಯ ಹೊತ್ತಿಗೆ ಸರಿಹೋಗಬಹುದಾದ ಕೊರತೆಗಳನ್ನು ಈಗಲೇ ಅದರ ಹೆಸರಿಗೆ ಅಂಟಿಸುವುದು ನ್ಯಾಯವಲ್ಲ.

ಮೊದಲು ಯಂತ್ರದ ಮಾತು. ಆಟದ ಗಾತ್ರ 72 ಜಿಬಿ. ಮನೆಯ 100 ಎಂಬಿಪಿಎಸ್ ಫೈಬರ್ ಸಂಪರ್ಕದಲ್ಲಿ ಅದು ಇಳಿಯಲು ಎರಡೂವರೆ ಗಂಟೆ ಹಿಡಿಯಿತು. 16 ಜಿಬಿ ರ‍್ಯಾಮ್ ಮತ್ತು ಐದು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ ಕಂಪ್ಯೂಟರಿನಲ್ಲಿ ಮಧ್ಯಮ ಮಟ್ಟದ ಚಿತ್ರಗುಣವನ್ನು ಆರಿಸಿಕೊಂಡರೆ ಊರು, ಕಾಡುಗಳಲ್ಲಿ ಸೆಕೆಂಡಿಗೆ 70 ಫ್ರೇಮ್ ಸಲೀಸಾಗಿ ಸಿಗುತ್ತದೆ. ಭಾರತದಲ್ಲಿ ಸರ್ವರ್ ಇಲ್ಲ, ಹತ್ತಿರದ್ದೆಂದರೆ ಸಿಂಗಪುರ. ದಾವಣಗೆರೆಯಿಂದ ಅಲ್ಲಿಗೆ ನೇರ ದೂರ ಸುಮಾರು 3,400 ಕಿ.ಮೀ.; ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ, ಹೋಗಿ ಬರಲು ಕಡಿಮೆಯೆಂದರೂ 34 ಮಿಲಿಸೆಕೆಂಡ್ ಬೇಕೇ ಬೇಕು. ತಂತಿ ಸುತ್ತಿ ಬಳಸಿ ಹೋಗುವುದರಿಂದ ಬೆಳಿಗ್ಗೆ 80, ರಾತ್ರಿ ಒಂಬತ್ತರ ನಂತರ 140 ಮಿಲಿಸೆಕೆಂಡ್ ಪಿಂಗ್ (ಹೋಗಿ ಬರುವ ಸಮಯ) ಬರುತ್ತಿತ್ತು. ರಾಕ್ಷಸನೊಬ್ಬ ಗದೆ ಎತ್ತಿ ಬೀಸುವ ನಡುವೆ ತಪ್ಪಿಸಿಕೊಳ್ಳಲು ಆಟ ಕೊಡುವ ಸಮಯ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ 140 ಮಿಲಿಸೆಕೆಂಡ್ ಸಮುದ್ರಕ್ಕೇ ಖರ್ಚಾದರೆ, ತೆರೆಯ ಮೇಲೆ ಪಕ್ಕಕ್ಕೆ ಜಿಗಿದವನು ಸರ್ವರಿನ ಲೆಕ್ಕದಲ್ಲಿ ಇನ್ನೂ ಗದೆಯ ಕೆಳಗೇ ನಿಂತಿರುತ್ತಾನೆ. ಹಾಗಾಗಿ ನಾನು ಮುಂದೆ ನಿಂತು ಹೊಡೆತ ತಿನ್ನುವ ಟ್ಯಾಂಕ್ ಪಾತ್ರವನ್ನು ಎರಡನೆಯ ದಿನವೇ ಬಿಟ್ಟು, ಹಿಂದೆ ನಿಂತು ಗಾಯ ವಾಸಿಮಾಡುವ ಹೀಲರ್ ಆದೆ.

ಬೀಟಾ ಎಂದರೆ ತಪ್ಪು ಹುಡುಕುವ ಕಾಲ, ಅದನ್ನು ಮರೆತು ಆಡಲು ಕೂರಬಾರದು. 1997ರ ಆಗಸ್ಟ್‌ನಲ್ಲಿ ಅಲ್ಟಿಮಾ ಆನ್‌ಲೈನ್ ಆಟದ ಬೀಟಾ ನಡೆಯುತ್ತಿದ್ದಾಗ ಅದರ ನಿರ್ಮಾತೃ ರಿಚರ್ಡ್ ಗ್ಯಾರಿಯಟ್ ತಮ್ಮ ರಾಜಪಾತ್ರವಾದ ಲಾರ್ಡ್ ಬ್ರಿಟಿಷ್‌ನ ವೇಷದಲ್ಲಿ ಪ್ರಜೆಗಳ ಮುಂದೆ ನಿಂತಿದ್ದರು. ಸರ್ವರ್ ಒಮ್ಮೆ ಬಿದ್ದು ಎದ್ದ ಮೇಲೆ ಆ ಪಾತ್ರಕ್ಕೆ ಸಾವಿಲ್ಲದಂತೆ ಮಾಡುವ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡುವುದು ಮರೆತುಹೋಗಿತ್ತು. ಆಟಗಾರನೊಬ್ಬ ಎಸೆದ ಬೆಂಕಿಯ ಮಂತ್ರಕ್ಕೆ ರಾಜ ನಿಂತಲ್ಲೇ ಸತ್ತ. ಪರೀಕ್ಷೆಯಲ್ಲಿ ಸಿಗದ ತಪ್ಪು ಬಿಡುಗಡೆಯ ನಂತರ ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಫೈನಲ್ ಫ್ಯಾಂಟಸಿ 14 ಇದೆ: 2010ರಲ್ಲಿ ಅರೆಬೆಂದು ಹೊರಬಂದ ಆ ಆಟವನ್ನು ಮುಚ್ಚಿ, ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ಬಿಡಬೇಕಾಯಿತು.

ನನ್ನ ಮೊದಲ ದೂರು ಕನ್ನಡದ ಬಗ್ಗೆ. ಚಾಟ್‌ನಲ್ಲಿ ಕನ್ನಡ ಬರೆಯಬಹುದು, ಗಿಲ್ಡ್‌ಗೆ (ಒಟ್ಟಾಗಿ ಆಡುವವರ ತಂಡಕ್ಕೆ) ಕನ್ನಡದ ಹೆಸರನ್ನೂ ಇಡಬಹುದು. ಇದು ನನಗೆ ಅನಿರೀಕ್ಷಿತ ಸಂತೋಷ. ನಾನು ಚಿತ್ರದುರ್ಗದವನಾದ್ದರಿಂದ ನಮ್ಮ ಗಿಲ್ಡ್‌ಗೆ 'ದುರ್ಗದ ಕಾವಲು' ಎಂದು ಹೆಸರಿಟ್ಟೆವು. ಬಾವುಟದ ಮೇಲೆ ಮೂಡಿದ್ದು ಮಾತ್ರ 'ದುರ್‌ಗದ ಕಾವಲು'. ನಾವು ಮೊದಲು ಉಚ್ಚರಿಸುವ ರಕಾರ ಬರವಣಿಗೆಯಲ್ಲಿ ಗಕಾರದ ನಂತರ ಅರ್ಕಾವತ್ತಾಗಿ ಕೂರುತ್ತದೆ. ಯೂನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲೇ ಇಟ್ಟುಕೊಂಡಿರುತ್ತದೆ, ಅವುಗಳನ್ನು ಕೂಡಿಸಿ ಸರಿಯಾದ ರೂಪಕ್ಕೆ ತರುವ ಕೆಲಸ ಬೇರೆ ತಂತ್ರಾಂಶದ್ದು. ಈ ಆಟದಲ್ಲಿ ಆ ಹಂತವೇ ಇರಲಿಲ್ಲ. ಒತ್ತಕ್ಷರವಿಲ್ಲದ ಪದಗಳನ್ನೇ ಹುಡುಕಿ ಹುಡುಕಿ ಮಾತಾಡುವುದು ಎರಡು ದಿನ ತಮಾಷೆಯೆನಿಸಿತು, ಮೂರನೆಯ ದಿನ ಬೇಸರ ಬಂದು ದೂರು ಕಳುಹಿಸಿದೆ.

ಇನ್ನು ಆಟದ ಜೀವಾಳವಾದ ಸಂತೆ. ಅನೇಕ ಆಟಗಳಲ್ಲಿ ಯಾವ ಊರಿನಲ್ಲಿ ನಿಂತರೂ ಒಂದೇ ಹರಾಜುಕಟ್ಟೆ, ಒಂದೇ ಧಾರಣೆ. ಇಲ್ಲಿ ಹಾಗಿಲ್ಲ, ಆರು ಪಟ್ಟಣಗಳಿಗೆ ಆರು ಸಂತೆ, ಒಂದೆಡೆ ಕೊಂಡ ಮಾಲನ್ನು ಇನ್ನೊಂದೆಡೆ ಮಾರಬೇಕಾದರೆ ಗಾಡಿಗೆ ಹೇರಿಕೊಂಡು ಕಳ್ಳರ ಭಯವಿರುವ ದಾರಿಯಲ್ಲಿ ಸಾಗಿಸಬೇಕು. 2003ರ ಈವ್ ಆನ್‌ಲೈನ್ ಆಟ ಬಾಹ್ಯಾಕಾಶದಲ್ಲಿ ಪ್ರದೇಶಕ್ಕೊಂದು ಮಾರುಕಟ್ಟೆ ಕಟ್ಟಿ ತೋರಿಸಿದ ದಾರಿಯೇ ಇದು, ಆದರೆ ಇಲ್ಲಿ ಗೋದಾಮಿಗೆ ದಿನದ ಬಾಡಿಗೆ ಬೇರೆ ಇದೆ. ಆ ಒಂದು ನಿಯಮ ಇಡೀ ವ್ಯಾಪಾರಕ್ಕೆ ಜೀವ ತುಂಬಿದೆ.

ಒಂದು ಉದಾಹರಣೆ ಕೊಡುತ್ತೇನೆ. ಔಷಧಿಗೆ ಬೇಕಾಗುವ ಒಂದು ನೀಲಿ ಬೇರಿನ ಧಾರಣೆ ಶನಿವಾರ ಬೆಳಿಗ್ಗೆ 40 ನಾಣ್ಯ ಇತ್ತು. ರಜೆಯೆಂದು ಎಲ್ಲರೂ ಬೇರು ಕೀಳಲು ಹೊರಟರು. ಹೊಸ ಮೆಕ್ಕೆಜೋಳದ ಆವಕ ಶುರುವಾದಾಗ ನಮ್ಮ ಮಾರುಕಟ್ಟೆಯಲ್ಲಿ ಆಗುವಂತೆಯೇ ಭಾನುವಾರ ಸಂಜೆಗೆ ಧಾರಣೆ 9ಕ್ಕೆ ಕುಸಿಯಿತು. ಅಕ್ಕನ ಮಗ ಗಾಬರಿಯಾಗಿ ತನ್ನ 600 ಬೇರುಗಳನ್ನು ಅಷ್ಟಕ್ಕೇ ಮಾರಿದ. ನಾನು ನನ್ನ 600ನ್ನು ಗೋದಾಮಿನಲ್ಲಿಟ್ಟೆ. ಒಂದು ಬೇರಿಗೆ ದಿನಕ್ಕೆ 2 ನಾಣ್ಯದಂತೆ ಮೂರು ದಿನದ ಬಾಡಿಗೆ 6 ಕಳೆದರೂ, ಬುಧವಾರ 28ಕ್ಕೆ ಮಾರಿದಾಗ ಕೈಗೆ 22 ಉಳಿಯಿತು. "ಏನ್ ಮಾಮ, ಆಟದಾಗೂ ಮಂಡಿನೇ ನಡೆಸ್ತೀಯಲ್ಲ!" ಎಂದು ಅವನು ರೇಗಿಸಿದ. ಇನ್ನೂ ಒಂದು ವಾರ ಕಾದಿದ್ದರೆ ಬಾಡಿಗೆಯೇ ಲಾಭವನ್ನು ನುಂಗುತ್ತಿತ್ತು. ದಾಸ್ತಾನು ಮಾಡಿ ಕೂರುವವರನ್ನು ಹದ್ದುಬಸ್ತಿನಲ್ಲಿಡುವ ಈ ಲೆಕ್ಕವನ್ನು ಹಾಕಿದವರು ವ್ಯಾಪಾರ ಬಲ್ಲವರೇ ಇರಬೇಕು.

ಹಣದ ಹರಿವಿನಲ್ಲಿ ಮಾತ್ರ ಅವರು ಎಡವಿದ್ದಾರೆ. ಕೊಂದ ಪ್ರತಿ ತೋಳ, ಪ್ರತಿ ದರೋಡೆಕೋರನಿಂದ ಹೊಸ ನಾಣ್ಯ ಹುಟ್ಟುತ್ತದೆ. ಆಯುಧದ ರಿಪೇರಿ, ಗಾಡಿ ಸುಂಕ, ಗೋದಾಮು ಬಾಡಿಗೆ ಇಷ್ಟರಲ್ಲಿ ಹೊರಹೋಗುವ ನಾಣ್ಯ ಅದರ ಕಾಲು ಭಾಗವೂ ಇದ್ದಂತಿಲ್ಲ. ಮೊದಲ ವಾರ 200 ನಾಣ್ಯವಿದ್ದ ಸಾಧಾರಣ ಕಬ್ಬಿಣದ ಕತ್ತಿ ಮೂರನೆಯ ವಾರ 850 ಮುಟ್ಟಿತು. ತಡವಾಗಿ ಸೇರಿದವನು ಒಂದು ಕತ್ತಿಗಾಗಿ ನಾಲ್ಕು ರಾತ್ರಿ ತೋಳ ಹೊಡೆಯಬೇಕು. ನಡುವೆ ಯಾರೋ ಎರಡು ಪ್ರದೇಶಗಳ ಗಡಿ ದಾಟುವ ಕ್ಷಣದಲ್ಲಿ ವಿನಿಮಯ ಮಾಡಿಕೊಂಡರೆ ಮಾಲು ಎರಡೂ ಕಡೆ ಉಳಿಯುತ್ತದೆಂದು ಕಂಡುಹಿಡಿದರು, ಒಂದೇ ರಾತ್ರಿಯಲ್ಲಿ ಬೆಳ್ಳಿ ಕಸಕ್ಕೆ ಸಮವಾಯಿತು. ಆಟದವರು 14 ಗಂಟೆಗಳಷ್ಟು ಹಿಂದಿನ ಸ್ಥಿತಿಗೆ ಎಲ್ಲವನ್ನೂ ಮರಳಿಸಿ, ಏನಾಯಿತೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ನನ್ನದೂ ಒಂದು ಗಾಡಿ ಮಾಲು ಹೋಯಿತು, ಆದರೂ ಇದಕ್ಕೆ ನನ್ನ ತಕರಾರಿಲ್ಲ. ಪರೀಕ್ಷೆ ಇರುವುದೇ ಇದಕ್ಕೆ.

ತಕರಾರಿರುವುದು ಕೋಟೆ ಮುತ್ತಿಗೆಯ ಬಗ್ಗೆ. ಜಾಹೀರಾತಿನ ತುಂಬ ಅದೇ ಇದೆ: ಒಂದು ಕಡೆ ನೂರು, ಇನ್ನೊಂದು ಕಡೆ ನೂರು ಜನ. ಕೋಟೆ ದೂರದಿಂದ ನೋಡಲು ಚೆಂದವಿದೆ. ಹತ್ತಿರ ಹೋದರೆ, ಬಯಲಿನ ಹೆದ್ದಾರಿ ನೆಟ್ಟಗೆ ಬಂದು ಹೆಬ್ಬಾಗಿಲಿಗೇ ಮುಟ್ಟುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದ ಶಾಲಾ ಮಕ್ಕಳೂ ಬಲ್ಲರು, ಅಲ್ಲಿ ಯಾವ ಬಾಗಿಲೂ ನೇರ ದಾರಿಗೆ ಎದುರಾಗಿಲ್ಲ. ಪ್ರತಿ ಬಾಗಿಲಿಗೂ ದಾರಿ ತಿರುಗುತ್ತದೆ, ಆನೆ ಓಡಿಬಂದು ಗುಮ್ಮಲು ಜಾಗವೇ ಇರುವುದಿಲ್ಲ, ತಿರುಗಿದವನ ಪಕ್ಕಕ್ಕೆ ಮೇಲಿನ ಗೋಡೆಯವರು ಗುರಿಯಿಡಬಹುದು. ಇಲ್ಲಿ ಬಾಗಿಲು ಒಡೆಯುವ ಟಗರುದಿಮ್ಮಿಯನ್ನು ತಳ್ಳಿಕೊಂಡು ಬಂದವರು ಏಳೇ ನಿಮಿಷದಲ್ಲಿ ಒಳಗಿದ್ದರು.

ಗೋಡೆಯ ಬುಡದಲ್ಲಿ ಒಬ್ಬರೇ ನುಸುಳಬಹುದಾದ ಒಂದು ಚರಂಡಿ ಕಿಂಡಿ ಇದೆ ಎಂದು ತಿಳಿದಾಗ ನನಗೆ ಮೈ ನವಿರೆದ್ದಿತು. ಅಕ್ಕನ ಮಗನನ್ನೂ ಇನ್ನಿಬ್ಬರನ್ನೂ ಅಲ್ಲಿ ಕಾವಲಿಗೆ ನಿಲ್ಲಿಸಿ, ಅವರ ಬೆನ್ನಿಗೆ ನಾನು ನಿಂತೆ. ಶತ್ರುಗಳು ಬಂದರು, ಆದರೆ ಒಬ್ಬೊಬ್ಬರಾಗಿ ಅಲ್ಲ, ಇಪ್ಪತ್ತು ಜನ ಒಂದೇ ಗುಡ್ಡೆಯಾಗಿ, ಒಬ್ಬರ ಮೈಯಲ್ಲಿ ಇನ್ನೊಬ್ಬರು ಕರಗಿ, ನಮ್ಮ ಮೈಯೊಳಗಿಂದಲೂ ಹಾದು ಅಂಗಳಕ್ಕೆ ಇಳಿದರು. ಈ ಆಟದಲ್ಲಿ ದೇಹಕ್ಕೆ ದೇಹ ಅಡ್ಡವಾಗುವುದಿಲ್ಲ. ಕಾರಣ ಅರ್ಥವಾಗದ್ದೇನಲ್ಲ: 200 ಜನರಲ್ಲಿ ಯಾರು ಯಾರಿಗೆ ತಾಗುತ್ತಾರೆಂದು ನೋಡಲು ಸರ್ವರ್ ಪ್ರತಿ ಗಳಿಗೆಯೂ 19,900 ಜೋಡಿಗಳವರೆಗೆ ಪರಿಶೀಲಿಸಬೇಕಾದೀತು, ಸಮೀಪದವರನ್ನಷ್ಟೇ ನೋಡುವ ಉಪಾಯಗಳಿದ್ದರೂ ಕಿಂಡಿಯಲ್ಲಿ ಎಲ್ಲರೂ ಸಮೀಪದವರೇ. ಹಾಗಿದ್ದರೆ ಕಿಂಡಿಯನ್ನು ಇಡಲೇಬಾರದಿತ್ತು. ಓಬವ್ವ ಇಲ್ಲಿ ಹುಟ್ಟಿದ್ದರೆ, ಒನಕೆ ಎತ್ತುವಷ್ಟರಲ್ಲಿ ಹೈದರಾಲಿಯ ಸೈನಿಕರು ಅವಳ ಮೈಯೊಳಗಿಂದಲೇ ಹಾದುಹೋಗಿ ಊಟಕ್ಕೆ ಕೂತಿರುತ್ತಿದ್ದರು.

ಇದಕ್ಕಿಂತ ದೊಡ್ಡ ಕೊರತೆ, ಕೋಟೆಗೂ ಸಂತೆಗೂ ನಂಟೇ ಇಲ್ಲದಿರುವುದು. ಚಿತ್ರದುರ್ಗದಲ್ಲಿ ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡಗಳಿಂದ ಕೆಳಗಿನ ಹೊಂಡಗಳವರೆಗೆ ನೀರಿನ ಸರಪಳಿಯಿದೆ, ಧಾನ್ಯಕ್ಕೆ ಕಣಜಗಳಿವೆ. ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದು ನಿಲ್ಲಲು ಬಾಗಿಲಿನಷ್ಟೇ ಇವೂ ಬೇಕು. ಈ ಆಟದಲ್ಲಿ ಧಾನ್ಯದ ಗಾಡಿಗಳಿವೆ, ಗೋದಾಮುಗಳಿವೆ, ದಾರಿಗಳ್ಳರಿದ್ದಾರೆ, ಆದರೆ ಕೋಟೆಯೊಳಗೆ ಯಾರಿಗೂ ಹಸಿವಿಲ್ಲ, ಬಾಯಾರಿಕೆಯಿಲ್ಲ. ಮುತ್ತಿಗೆಗೆ ಮೂರು ದಿನ ಮೊದಲೇ ಗಾಡಿಗಳನ್ನು ತಡೆದು ಕೋಟೆಯನ್ನು ಸೊರಗಿಸುವ ಅವಕಾಶ ಕೊಟ್ಟಿದ್ದರೆ ವ್ಯಾಪಾರಿಯೂ ಯುದ್ಧದಲ್ಲಿ ಪಾಲುದಾರನಾಗುತ್ತಿದ್ದ. ಈಗ ಇರುವುದು 40 ನಿಮಿಷದ ಗದ್ದಲ. ನನ್ನ ಕಂಪ್ಯೂಟರಿನಲ್ಲಿ ಅದು ಸೆಕೆಂಡಿಗೆ 18 ಫ್ರೇಮ್‌ಗೆ ಇಳಿಯುತ್ತದೆ, ಮಂತ್ರದ ಗುಂಡಿ ಒತ್ತಿದ ಎರಡು ಸೆಕೆಂಡಿಗೆ ಮಂತ್ರ ಹೊರಡುತ್ತದೆ.

ಕಥೆ ಸಾಧಾರಣ, ಹಳೆಯ ಶಾಪ, ಕಳೆದುಹೋದ ಕಿರೀಟ. ಸಂಗೀತ ಚೆನ್ನಾಗಿದೆ. ಪಾತ್ರದ ಮುಖ ರೂಪಿಸುವಲ್ಲಿ ಮೈಬಣ್ಣದ ಆಯ್ಕೆಗಳು ಧಾರಾಳವಾಗಿವೆ, ಮೀಸೆಗಳು ಮಾತ್ರ ಯಾವುವೂ ನಮ್ಮ ಕಡೆಯವಲ್ಲ.

ಮುಂಗಡ ಖರೀದಿಯ ಪ್ಯಾಕ್‌ಗೆ 2,499 ರೂಪಾಯಿ, ಕುದುರೆ ಮತ್ತು ಕೋಟೆ ಬಾವುಟ ಸೇರಿದ ದೊಡ್ಡ ಪ್ಯಾಕ್‌ಗೆ 5,999 ರೂಪಾಯಿ ಇಟ್ಟಿದ್ದಾರೆ. ಸಂತೆ, ಕಸುಬು, ಸಾಗಾಟ ಇವುಗಳ ಮೇಲೆ ಪ್ರೀತಿಯಿರುವವರು ಬಿಡುಗಡೆಯಾದ ತಿಂಗಳೊಪ್ಪತ್ತಿನಲ್ಲಿ ಧಾರಣೆಗಳ ಏರಿಕೆ ನಿಂತಿದೆಯೇ ನೋಡಿಕೊಂಡು ಚಿಕ್ಕ ಪ್ಯಾಕ್ ಕೊಳ್ಳಬಹುದು. ಮುತ್ತಿಗೆಗಾಗಿ ಆಡುವವರು ಈಗ ಒಂದು ರೂಪಾಯಿಯನ್ನೂ ಬಿಚ್ಚಬಾರದು. ಕೋಟೆಯ ಬಾವುಟಕ್ಕೆ ಹಣ ಕೇಳುವ ಮೊದಲು ಕೋಟೆ ಇರಬೇಕಲ್ಲವೇ? ನಾನು ಸದ್ಯಕ್ಕೆ ಏನನ್ನೂ ಕೊಂಡಿಲ್ಲ. ಅಕ್ಕನ ಮಗ ನನ್ನ ಮಾತು ಕೇಳದೆ ಚಿಕ್ಕ ಪ್ಯಾಕ್ ಕೊಂಡಿದ್ದಾನೆ.

ನಾನು ಕಳುಹಿಸಿದ 11 ದೂರುಗಳಲ್ಲಿ ಉತ್ತರ ಬಂದದ್ದು ನಾಲ್ಕಕ್ಕೆ. ಅರ್ಕಾವತ್ತಿನ ದೂರಿಗೆ ಅವರು ಒಂದು ಚಿತ್ರ ಕಳುಹಿಸಿ, ಇದು ಸರಿಯೇ ಎಂದು ಕೇಳಿದ್ದರು. ಅದರಲ್ಲಿ ಅರ್ಕಾವತ್ತು ಗಕಾರದ ಎಡಕ್ಕೆ ಕೂತಿತ್ತು. ಬಾಯಿಮಾತಿನಲ್ಲಿ ವಿವರಿಸಿ ಸೋತು, ಮರುದಿನ ಬೆಳಿಗ್ಗೆ ಮಂಡಿಗೆ ಹೋಗುವಾಗ ಬಸ್ ನಿಲ್ದಾಣಕ್ಕೆ ನುಗ್ಗಿ, 'ಚಿತ್ರದುರ್ಗ' ಎಂಬ ಬಸ್ಸಿನ ಬೋರ್ಡನ್ನು ಫೋಟೋ ತೆಗೆದು ಕಳುಹಿಸಿದೆ. ಬೀಟಾ ಮುಗಿಯುವ ಎರಡು ದಿನ ಮೊದಲು ಬಂದ ತಿದ್ದುಪಡಿ ಪ್ಯಾಚ್‌ನಲ್ಲಿ ಚಾಟ್‌ನ ಕನ್ನಡ ಸರಿಯಾಗಿತ್ತು. ಬಾವುಟದ ಮೇಲೆ ನಾವು ಕೊನೆಯ ರಾತ್ರಿಯವರೆಗೂ 'ದುರ್‌ಗದ ಕಾವಲು' ಆಗಿಯೇ ಉಳಿದೆವು.