ಸಿಮಸ್: ಮೌಸ್ ಮುಟ್ಟದೆ ಹಾಡು ಕೇಳುವವರ ಪ್ಲೇಯರ್

ಲಿನಕ್ಸ್‌ನಲ್ಲಿ ಹಾಡು ಕೇಳುವುದಕ್ಕೆ ಹಲವು ವರ್ಷಗಳಿಂದ ನಾನು ಬಳಸುತ್ತಿರುವುದು ಸಿಮಸ್ (cmus). ಟರ್ಮಿನಲ್ ಅಂದರೆ ಕಮಾಂಡ್ ಟೈಪ್ ಮಾಡುವ ಬರೀ ಅಕ್ಷರಗಳ ಕಿಟಕಿ, ಅದರೊಳಗೆ ಓಡುವ ಪ್ಲೇಯರ್ ಇದು. ಆಲ್ಬಮ್ ಚಿತ್ರ ಇಲ್ಲ, ಕುಣಿಯುವ ಗ್ರಾಫ್ ಇಲ್ಲ, ಒತ್ತೋಣ ಅಂದರೆ ಒಂದು ಬಟನ್ನೂ ಇಲ್ಲ. ಎಡಗಡೆ ಕಲಾವಿದರ ಹೆಸರು, ಬಲಗಡೆ ಹಾಡುಗಳು, ಕೆಳಗೆ ಈಗ ಯಾವುದು ಓಡುತ್ತಿದೆ ಅಂತ ಹೇಳುವ ಒಂದೆರಡು ಸಾಲು. ಅಷ್ಟೇ. ಆಫೀಸಿನಲ್ಲಿ ಪಕ್ಕದಲ್ಲಿ ಕೂತವರು ಇದನ್ನು ಕೆಲಸ ಅಂದುಕೊಳ್ಳುತ್ತಾರೆ. ಅದೂ ಒಂದು ಲಾಭವೇ.

ಹಾಡುಗಳು ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಇದ್ದರೆ ಮುಂದೆ ಓದಿ. ಎಲ್ಲವನ್ನೂ ಫೋನಿನ ಆ್ಯಪ್‌ನಲ್ಲಿ ಕೇಳುವವರಿಗೆ ಇದರಿಂದ ಉಪಯೋಗವಿಲ್ಲ. ನನ್ನ ಹತ್ತಿರ ಇರುವುದು ಸಿ.ಡಿ.ಗಳಿಂದ ಇಳಿಸಿಕೊಂಡ ಹಳೇ ಸಿನಿಮಾ ಹಾಡುಗಳು, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಹಿಂದೂಸ್ತಾನಿ, ಆಮೇಲೆ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ತುಂಬಿಸಿಕೊಂಡ ಯಕ್ಷಗಾನ. ಇಂಥ ಸಂಗ್ರಹಕ್ಕೆ ಸಿಮಸ್ ಹೇಳಿ ಮಾಡಿಸಿದ ಹಾಗಿದೆ.

ಕೀಬೋರ್ಡಿನ ಕೆಳಗಿನ ಸಾಲು ನೋಡಿ. ಜೆಡ್ ಒತ್ತಿದರೆ ಹಿಂದಿನ ಹಾಡು, ಎಕ್ಸ್ ಅಂದರೆ ಶುರು, ಸಿ ಅಂದರೆ ಸ್ವಲ್ಪ ತಡಿ, ವಿ ಅಂದರೆ ನಿಲ್ಲು, ಬಿ ಅಂದರೆ ಮುಂದಿನದು. ಎಲ್ಲೋ ನೋಡಿದ ಹಾಗಿದೆ ಅಲ್ವಾ? ವಿಂಡೋಸ್‌ನ ಹಳೇ ಪ್ಲೇಯರ್ ವಿನ್‌ಆ್ಯಂಪ್‌ನಲ್ಲೂ ಇದೇ ಐದು ಕೀಲಿ, ಇದೇ ಕ್ರಮ. ಸೈಬರ್ ಕೆಫೆ ಕಾಲದಲ್ಲಿ ವಿನ್‌ಆ್ಯಂಪ್ ಬಳಸಿದವರ ಬೆರಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಉಳಿದದ್ದೆಲ್ಲ ವಿಐ ಅನ್ನುವ, ಕೀಬೋರ್ಡಿನಿಂದಲೇ ನಡೆಸುವ ಹಳೇ ಟೆಕ್ಸ್ಟ್ ಎಡಿಟರ್‌ನ ಅಭ್ಯಾಸ. ಜೆ ಮತ್ತು ಕೆ ಒತ್ತಿ ಕೆಳಗೆ ಮೇಲೆ ಓಡಾಡಬಹುದು, ಸ್ಲ್ಯಾಷ್ ಒತ್ತಿ ಹುಡುಕಬಹುದು, ಕೋಲನ್ ಒತ್ತಿ ಕಮಾಂಡ್ ಕೊಡಬಹುದು. ಎಚ್ ಮತ್ತು ಎಲ್ ಕೀಲಿಗಳು ಹಾಡನ್ನು 5 ಸೆಕೆಂಡ್ ಹಿಂದೆ ಮುಂದೆ ಸರಿಸುತ್ತವೆ. ಅಲ್ಪವಿರಾಮ ಮತ್ತು ಚುಕ್ಕಿಯ ಕೀಲಿಗಳು 1 ನಿಮಿಷ ಸರಿಸುತ್ತವೆ. ನಿಧಾನಗತಿಯ ವಿಲಂಬಿತ್ ದಾಟಿ ನೇರ ವೇಗದ ದ್ರುತ್‌ಗೆ ಹೋಗಬೇಕು ಅಂದಾಗ ಈ ಚುಕ್ಕಿ ಎಷ್ಟು ಅನುಕೂಲ ಅನ್ನುವುದು ರಾಗ ಕೇಳುವವರಿಗೆ ಗೊತ್ತು.

1ರಿಂದ 7ರವರೆಗಿನ ಅಂಕಿ ಒತ್ತಿದರೆ ಏಳು ಬೇರೆ ಬೇರೆ ನೋಟ ಬರುತ್ತವೆ. ನಾನು ಜಾಸ್ತಿ ಇರುವುದು 1ರಲ್ಲಿ ಮತ್ತು 4ರಲ್ಲಿ. 1 ಅಂದರೆ ಪೂರ್ತಿ ಸಂಗ್ರಹ, 4 ಅಂದರೆ ಸರದಿ. ಹಾಡಿನ ಮೇಲೆ ನಿಂತು ಇ ಒತ್ತಿದರೆ ಅದು ಸರದಿಗೆ ಸೇರುತ್ತದೆ. ಫಿಲ್ಟರ್ ಮಾತ್ರ ನಿಜಕ್ಕೂ ಚೆನ್ನಾಗಿದೆ. ಅವಧಿ 1200 ಸೆಕೆಂಡಿಗಿಂತ ಜಾಸ್ತಿ ಇರುವುದನ್ನು ಮಾತ್ರ ತೋರಿಸು ಅಂತ ಒಂದು ಸಾಲು ಕೊಟ್ಟರೆ ಸಿನಿಮಾ ಹಾಡುಗಳೆಲ್ಲ ಮಾಯವಾಗಿ 20 ನಿಮಿಷ ದಾಟಿದ ರಾಗ, ಪ್ರಸಂಗಗಳು ಮಾತ್ರ ಉಳಿಯುತ್ತವೆ. ಇಷ್ಟು ಸುಲಭಕ್ಕೆ ಇದನ್ನು ಮಾಡಿಕೊಡುವ ಬಟನ್ ಪ್ಲೇಯರ್ ನನಗಂತೂ ಸಿಕ್ಕಿಲ್ಲ.

ಆದರೆ ನಾನು ಇದನ್ನು ಬಿಡದೆ ಇಟ್ಟುಕೊಂಡಿರುವ ಕಾರಣವೇ ಬೇರೆ. ಜೊತೆಗೆ ಸಿಮಸ್-ರಿಮೋಟ್ ಅಂತ ಒಂದು ಪುಟ್ಟ ಕಮಾಂಡ್ ಬರುತ್ತದೆ. ಪ್ಲೇಯರ್ ಒಂದು ಟರ್ಮಿನಲ್‌ನಲ್ಲಿ ತನ್ನ ಪಾಡಿಗೆ ಓಡುತ್ತಿರುತ್ತದೆ. ನೀವು ಎಲ್ಲಿಂದ ಬೇಕಾದರೂ ಅದಕ್ಕೆ ಅಪ್ಪಣೆ ಕೊಡಬಹುದು. ಆ ಕಮಾಂಡಿನ ಜೊತೆ ಮೈನಸ್ ಯು ಅಂತ ಬರೆದರೆ ನಿಲ್ಲುತ್ತದೆ, ಮತ್ತೆ ಅದನ್ನೇ ಬರೆದರೆ ಮುಂದುವರಿಯುತ್ತದೆ. ಮೈನಸ್ ಎನ್ ಅಂದರೆ ಮುಂದಿನ ಹಾಡು. ದೊಡ್ಡ ಅಕ್ಷರದ ಕ್ಯೂ ಕೊಟ್ಟರೆ ಈಗಿನ ಹಾಡಿನ ಪೂರ್ತಿ ಜಾತಕ ಹೊರಗೆ ಬರುತ್ತದೆ: ಫೈಲ್ ಎಲ್ಲಿದೆ, ಎಷ್ಟು ಸೆಕೆಂಡ್, ಎಲ್ಲಿಗೆ ಬಂತು, ಟ್ಯಾಗ್‌ಗಳು (ಫೈಲಿನೊಳಗೇ ಬರೆದಿಟ್ಟ ಹಾಡು, ಕಲಾವಿದರ ಹೆಸರಿನಂಥ ವಿವರ) ಏನು. ಇವನ್ನು ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್‌ಗಳಿಗೆ ಕಟ್ಟಿಹಾಕಿದ ಮೇಲೆ ನಾನು ಪ್ಲೇಯರ್‌ನ ಮುಖ ನೋಡುವುದೇ ಅಪರೂಪ. ಏನೋ ಟೈಪ್ ಮಾಡುತ್ತಿರುವಾಗ ಫೋನ್ ಬಂದರೆ ಕೀಬೋರ್ಡಿನಿಂದ ಕೈ ಎತ್ತದೆ ಹಾಡು ನಿಲ್ಲಿಸಬಹುದು. ರಾತ್ರಿ ಮಲಗುವ ಮುಂಚೆ "ಸ್ಲೀಪ್ 45ಎಂ" ಅಂತ ಬರೆದು, ಅದರ ಬೆನ್ನಿಗೆ ರಿಮೋಟ್‌ನ ಮೈನಸ್ ಎಸ್ ಸೇರಿಸಿದರೆ ಮುಕ್ಕಾಲು ಗಂಟೆಗೆ ತಾನೇ ಸುಮ್ಮನಾಗುತ್ತದೆ. ಬೇರೆ ಟೈಮರ್ ಯಾಕೆ ಬೇಕು?

ಬೆಳಿಗ್ಗೆ ತಾನಾಗಿ ಶುರುವಾಗಲಿ ಅಂತ ರಿಮೋಟ್ ಕಮಾಂಡನ್ನು ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೌಲಭ್ಯಕ್ಕೆ, ಹಾಕಿದರೆ ಒಂದು ತೊಡಕಿದೆ. ಕಣ್ಣೆದುರಿಗೇ ಪ್ಲೇಯರ್ ಓಡುತ್ತಿದ್ದರೂ ರಿಮೋಟ್ "ಸಿಮಸ್ ಓಡುತ್ತಿಲ್ಲ" ಅನ್ನುತ್ತದೆ. ಪ್ಲೇಯರ್ ಜೊತೆ ಮಾತಾಡುವ ಸಾಕೆಟ್ ಫೈಲ್ ಎಕ್ಸ್‌ಡಿಜಿ ರನ್‌ಟೈಮ್ ಅನ್ನುವ, ಲಾಗಿನ್ ಆದವರ ತಾತ್ಕಾಲಿಕ ಫೈಲ್‌ಗಳ ಫೋಲ್ಡರಿನಲ್ಲಿ ಇರುತ್ತದೆ, ಕ್ರಾನ್‌ಗೆ ಆ ಫೋಲ್ಡರಿನ ವಿಳಾಸ ಗೊತ್ತಿರುವುದಿಲ್ಲ. ಕ್ರಾನ್ ಸಾಲಿನಲ್ಲೇ ಆ ವಿಳಾಸ ಬರೆದುಬಿಟ್ಟರೆ ಮುಗಿಯಿತು. ಇನ್ನೊಂದು: ಟರ್ಮಿನಲ್ ಕಿಟಕಿ ಮುಚ್ಚಿದರೆ ಹಾಡೂ ನಿಂತುಹೋಗುತ್ತದೆ. ಹಾಗಾಗಿ ಸಿಮಸ್‌ನ್ನು ಯಾವಾಗಲೂ ಟಿಮಕ್ಸ್ ಒಳಗೆ ಓಡಿಸಿ, ಅದು ಕಿಟಕಿ ಮುಚ್ಚಿದರೂ ಒಳಗಿನದನ್ನು ಓಡಿಸುತ್ತಲೇ ಇರುವ ತಂತ್ರಾಂಶ.

ಸಿನಿಮಾ ಹಾಡು ಇಟ್ಟುಕೊಂಡವರು ಟ್ಯಾಗ್ ವಿಷಯದಲ್ಲಿ ಸ್ವಲ್ಪ ಮೈಬಗ್ಗಿಸಬೇಕು. ಕಲಾವಿದರ ಜಾಗದಲ್ಲಿ "ಪಿ.ಬಿ. ಶ್ರೀನಿವಾಸ್" ಅಂತ ಒಂದು, "ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ" ಅಂತ ಇನ್ನೊಂದು ಇದ್ದರೆ ಸಿಮಸ್ ಇವೆರಡನ್ನೂ ಬೇರೆ ಬೇರೆ ಮನೆ ಮಾಡಿ ಕೂರಿಸುತ್ತದೆ. ಒಂದೇ ಸಿನಿಮಾದ ಹಾಡುಗಳು ಪಟ್ಟಿಯ ನಾಲ್ಕು ಮೂಲೆಗೆ ಚದುರುತ್ತವೆ. ಆಲ್ಬಮ್ ಆರ್ಟಿಸ್ಟ್ ಅನ್ನುವ ಟ್ಯಾಗ್‌ಗೆ ಸಂಗೀತ ನಿರ್ದೇಶಕರ ಹೆಸರು ಹಾಕಿದರೆ ಎಲ್ಲ ಒಂದು ಕಡೆ ಬರುತ್ತವೆ. ನನ್ನ ಪಟ್ಟಿ ಈಗ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಹಂಸಲೇಖ ಅಂತ ಅಚ್ಚುಕಟ್ಟಾಗಿದೆ. ಸಿಮಸ್ ಒಳಗೇ ಟ್ಯಾಗ್ ತಿದ್ದಲು ಬರುವುದಿಲ್ಲ. ಅದಕ್ಕೆ ಕಿಡ್3 ಬಳಸುತ್ತೇನೆ, ಅದಕ್ಕೂ ಕಮಾಂಡ್ ಸಾಲಿನ ರೂಪ ಇದೆ.

ಈಗ ಬೇಜಾರಿನ ವಿಷಯ. ಕನ್ನಡದಲ್ಲಿ ಟ್ಯಾಗ್ ಬರೆದಿಟ್ಟರೆ ಟರ್ಮಿನಲ್ ಅದನ್ನು ಸರಿಯಾಗಿ ತೋರಿಸುವುದಿಲ್ಲ. ಟರ್ಮಿನಲ್ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿಕೊಂಡಿರುತ್ತದೆ, ನಮ್ಮ ಒತ್ತಕ್ಷರ ಅದರಲ್ಲಿ ಹಿಡಿಸುವುದಿಲ್ಲ. "ಸ್ತ್ರೀ" ನಮಗೆ ಒಂದು ಅಕ್ಷರ, ಯೂನಿಕೋಡ್‌ಗೆ ಆರು ಸಂಕೇತ. ಒತ್ತು ಒಡೆಯುತ್ತದೆ, ಬಲಗಡೆಯ ಅವಧಿಯ ಸಾಲು ಸೊಟ್ಟಗಾಗುತ್ತದೆ. ಎಷ್ಟು ಕೆಡುತ್ತದೆ ಅನ್ನುವುದು ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಬೇರೆ. ಇದು ಸಿಮಸ್‌ ಒಂದರ ತಪ್ಪಲ್ಲ, ಆದರೆ ಅನುಭವಿಸುವವರು ನಾವೇ ತಾನೇ. ಟೈಪಿಂಗ್ ಇನ್ನೊಂದು ತಲೆನೋವು. ಕನ್ನಡದಲ್ಲಿ ಹುಡುಕಲು ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀಲಿವಿನ್ಯಾಸಕ್ಕೆ ಬದಲಿಸಿಕೊಂಡು, ಆಮೇಲೆ ಹಾಡು ನಿಲ್ಲಿಸಲು ಸಿ ಒತ್ತಿದರೆ ಪ್ಲೇಯರ್‌ಗೆ ತಲುಪುವುದು "ಮ". ಅದಕ್ಕೇನು ಗೊತ್ತು ಪಾಪ! ಕೊನೆಗೆ ನಾನು ಟ್ಯಾಗ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟುಕೊಂಡೆ. ಮನಸ್ಸಿಲ್ಲದೆ.

ಉಳಿದ ಕೊರತೆ ಚುಟುಕಾಗಿ ಹೇಳುತ್ತೇನೆ. ಈಕ್ವಲೈಜರ್ ಇಲ್ಲ. ಸಾಹಿತ್ಯ ತೋರಿಸುವುದಿಲ್ಲ. ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಮ್ಯಾಕ್‌ನಲ್ಲಿ ಓಡುತ್ತದೆ. ದುಡ್ಡು ಕೊಡಬೇಕಿಲ್ಲ, ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಟಿಮೋ ಹಿರ್ವೊನೆನ್ ಶುರು ಮಾಡಿದ್ದು, ಈಗ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಉಬುಂಟು, ಡೆಬಿಯನ್‌ಗಳಲ್ಲಿ ಒಂದೇ ಕಮಾಂಡ್‌ಗೆ ಇನ್‌ಸ್ಟಾಲ್ ಆಗುತ್ತದೆ. ಹಾಡುಗಳ ದನಿಯನ್ನು ಒಂದೇ ಮಟ್ಟಕ್ಕೆ ತರುವ ರಿಪ್ಲೇಗೇನ್ ಇರುವುದರಿಂದ ಹಳೇ ಹಾಡಿನ ಸಣ್ಣ ದನಿ ಆದಮೇಲೆ ಹೊಸ ಹಾಡು ಕಿವಿಗೆ ಬಡಿಯುವುದಿಲ್ಲ, ಆದರೆ ಫೈಲ್‌ಗಳನ್ನು ಮೊದಲೇ ಬೇರೆ ಉಪಕರಣದಲ್ಲಿ ಅಳೆದಿಟ್ಟಿರಬೇಕು.

ತಾಳಮದ್ದಳೆಗೆ ಮಾತ್ರ ಇದು ಒಗ್ಗುವುದಿಲ್ಲ. ಪ್ಲೇಯರ್ ಮುಚ್ಚಿ ತೆರೆದರೆ ಕೊನೆಗೆ ಕೇಳುತ್ತಿದ್ದ ಜಾಗದಿಂದ ಮುಂದುವರಿಯುವ ಸೌಲಭ್ಯ ಇದೆ, ಸೆಟ್ಟಿಂಗ್‌ನಲ್ಲಿ ರೆಸ್ಯೂಮ್ ಆನ್ ಮಾಡಿಕೊಳ್ಳಬೇಕು. ಆದರೆ ಒಂದೊಂದು ಫೈಲಿಗೂ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವ ನೆನಪು ಅದಕ್ಕಿಲ್ಲ. ಮೂರು ಗಂಟೆಯ ಪ್ರಸಂಗ ಅರ್ಧ ಕೇಳಿ ನಡುವೆ ಬೇರೆ ಹಾಡು ಹಾಕಿದರೆ ಮತ್ತೆ ಚುಕ್ಕಿ ಒತ್ತುತ್ತಾ ಹುಡುಕಬೇಕು. ಅಂಥವನ್ನು ನಾನು ಎಂಪಿವಿ ಅನ್ನುವ ಇನ್ನೊಂದು ಪ್ಲೇಯರ್‌ನಲ್ಲಿ ಕೇಳುತ್ತೇನೆ. ಅದೂ ಟರ್ಮಿನಲ್‌ನಿಂದಲೇ ಓಡುತ್ತದೆ, ಹೊರಬರುವಾಗ ಶಿಫ್ಟ್ ಜೊತೆ ಕ್ಯೂ ಒತ್ತಿದರೆ ಮುಂದಿನ ಸಲ ಆ ಫೈಲ್ ಅಲ್ಲಿಂದಲೇ ಶುರುವಾಗುತ್ತದೆ.