ಹಾಡುಗಾರರಿಲ್ಲದ ಸಂಗೀತಕ್ಕೆ ರಾಯಚೂರಿನ ಒಂದು ರೆಕಾರ್ಡಿಂಗ್ ಕೋಣೆ

ರಾಯಚೂರಿನ ತೀನ್ ಕಂದೀಲ್‌ನಿಂದ ನಡೆದೇ ತಲುಪಬಹುದಾದ ಈ ಸ್ಟುಡಿಯೊಕ್ಕೆ ನಾನೂ ನನ್ನ ಗೆಳೆಯನೂ ಹಲವು ಸಲ ಹೋಗಿದ್ದೇವೆ. ಆಗೆಲ್ಲ ಹಳೆಯ ಚಿತ್ರಗೀತೆಗಳ ಧಾಟಿಯನ್ನು ಅವನು ಕೊಳಲಿನಲ್ಲಿ, ನಾನು ಗಿಟಾರಿನಲ್ಲಿ ನುಡಿಸಿ, ಸಿದ್ಧ ಟ್ರ್ಯಾಕ್‌ನ ಮೇಲೆ ಕೂರಿಸಿಕೊಂಡು ಬರುತ್ತಿದ್ದೆವು. (ಹಾಡಿನ ಸಾಹಿತ್ಯವನ್ನು ಬಿಟ್ಟ ಮಾತ್ರಕ್ಕೆ ಧಾಟಿ ನಮ್ಮದಾಗುವುದಿಲ್ಲ, ನಮ್ಮ ಕಾನೂನಿನಲ್ಲಿ ಸಂಗೀತ ರಚನೆಯ ಹಕ್ಕು ರಚನಕಾರನ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ.) ಈ ಮೇ ತಿಂಗಳಲ್ಲಿ ಮೊದಲ ಬಾರಿಗೆ ನಮ್ಮವೇ ಆದ ಮೂರು ವಾದ್ಯಕೃತಿಗಳನ್ನು ಮುದ್ರಿಸಲು ಎರಡು ದಿನ ಕೋಣೆ ಹಿಡಿದೆವು.

ಕೋಣೆ ಚಿಕ್ಕದಾದರೂ ಪ್ರತಿಧ್ವನಿಯಿಲ್ಲ, ಮೈಕುಗಳು ಉತ್ತಮವಾಗಿವೆ, ಬಾಡಿಗೆಯೂ ಹೊರೆಯಲ್ಲ. ತೊಡಕಿರುವುದು ಏಸಿಯಲ್ಲಿ. ಅದರ ಸದ್ದು ಮೈಕಿಗೆ ಬೀಳುವುದರಿಂದ ನುಡಿಸುವಾಗ ಆರಿಸಲೇಬೇಕು. ಚಿತ್ರಗೀತೆಯ ಒಂದು ಚರಣಕ್ಕೆ ಒಂದೆರಡು ನಿಮಿಷ ಸಾಕು, ಆಮೇಲೆ ಏಸಿ ಮತ್ತೆ ಹಾಕಬಹುದು; ಆದ್ದರಿಂದ ಇಷ್ಟು ವರ್ಷ ನಮಗಿದು ತಿಳಿದೇ ಇರಲಿಲ್ಲ. ನಮ್ಮ ಮೊದಲ ಕೃತಿಯ ಆಲಾಪವೇ ಏಳು ನಿಮಿಷದ್ದು, ಅದನ್ನು ತುಂಡು ಮಾಡುವಂತಿಲ್ಲ. ಮೂರನೆಯ ಟೇಕಿನ ಹೊತ್ತಿಗೆ ಕೋಣೆ ಕಾದಿತ್ತು. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚಿ ಕೊಳಲಿನ ಶ್ರುತಿ ಮೇಲೇರುತ್ತದೆ. ಹತ್ತು ಡಿಗ್ರಿಗೆ, ಲೆಕ್ಕದ ಪ್ರಕಾರ, ಅರ್ಧಸ್ವರದ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದ) ಸುಮಾರು ಮೂರನೇ ಒಂದು ಭಾಗದಷ್ಟು. ಊದುವ ಉಸಿರು ಮೊದಲೇ ಬೆಚ್ಚಗಿರುವುದರಿಂದ ಅಷ್ಟು ಪೂರ್ತಿ ಏರದಿದ್ದರೂ, ಅದೇ ಸೆಕೆಗೆ ಗಿಟಾರಿನ ತಂತಿ ಸಡಿಲವಾಗಿ ಶ್ರುತಿ ಕೆಳಗಿಳಿಯುತ್ತದೆಯಾದ್ದರಿಂದ, ಇಬ್ಬರೂ ತಪ್ಪು ನುಡಿಸದೆಯೇ ಒಬ್ಬರಿಂದೊಬ್ಬರು ದೂರವಾದೆವು.

ಎಂಜಿನಿಯರ್ ಇದನ್ನು ಸಾಫ್ಟ್‌ವೇರಿನಿಂದ ಸರಿಪಡಿಸುವುದಾಗಿ ಹೇಳಿದರು. ಬಿಡಿ ಸ್ವರಗಳು ಸರಿಯಾದವು, ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮೆಟ್ಟಿಲಿನಂತೆ ಕೇಳಿಸತೊಡಗಿತು. ಅದನ್ನು ತೋರಿಸಿದಾಗ ಅವರು ವಾದಕ್ಕಿಳಿಯದೆ ಮರುದಿನ ಬೆಳಗಿನ ಆರು ಗಂಟೆಗೆ ಬಾಗಿಲು ತೆರೆದು, ಹೆಚ್ಚಿನ ಹಣವನ್ನೂ ಕೇಳದೆ, ಎರಡು ಕೃತಿಗಳನ್ನು ಮುಗಿಸಿಕೊಟ್ಟರು. ಸೌಕರ್ಯಕ್ಕಿಂತ ಈ ಸೌಜನ್ಯವೇ ನನಗೆ ದೊಡ್ಡದಾಗಿ ಕಂಡಿತು.

ಮುದ್ರಿಸಿದ ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾತ್ರ ಇನ್ನೂ ಚಿತ್ರಗೀತೆಯ ರೂಢಿಯಲ್ಲಿದೆ: ಕೊಳಲನ್ನು ಗಾಯಕನ ಜಾಗದಲ್ಲಿ ನಿಲ್ಲಿಸಿ, ಗಿಟಾರನ್ನು ಹಿನ್ನೆಲೆಗೆ ತಳ್ಳಿದ್ದರು. ಎರಡು ವಾದ್ಯಗಳ ಸಂಭಾಷಣೆಯಾಗಬೇಕಿದ್ದ ಕಡೆ ಒಬ್ಬನ ಭಾಷಣ ಕೇಳಿಸುತ್ತಿತ್ತು (ಗಿಟಾರ್ ನನ್ನದೆಂಬ ಕಾರಣಕ್ಕೆ ಹೀಗೆನ್ನುತ್ತಿಲ್ಲ, ಗೆಳೆಯನೇ ಮೊದಲು ಆಕ್ಷೇಪಿಸಿದ). ಹಾಗಾಗಿ ನಮಗೆ ಬೇಕಾದಂತೆ ಮತ್ತೆ ಮಿಕ್ಸ್ ಮಾಡಿಕೊಳ್ಳಲು ಪ್ರತಿ ವಾದ್ಯದ 24 ಬಿಟ್ (ಉತ್ತಮ ಗುಣಮಟ್ಟದ) ಫೈಲುಗಳನ್ನು ಬೇರೆಬೇರೆಯಾಗಿ ಕೇಳಿ ಪಡೆಯುವುದು ಒಳ್ಳೆಯದು. ಕೇಳಿದರೆ ಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ. ನಮ್ಮ ಮೂರನೆಯ ಕೃತಿಯನ್ನು ಡಿಸೆಂಬರಿಗೆ ಮುಂದೂಡಿ, ಅದೇ ಕೋಣೆಗೆ ಮುಂಗಡ ಕೊಟ್ಟು ಬಂದಿದ್ದೇವೆ.